ಆಗಸ್ಟ್‌ನಲ್ಲಿ ಫೋನ್ ಎತ್ತದ ದೇಶಗಳು

೧೯೭೮ರಲ್ಲಿ ನನ್ನ ಓದು ನಿಂತಿತು. ಎಂಟನೆಯ ಇಯತ್ತೆ ಅರ್ಧವಾಗಿತ್ತು. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಭಾಲ್ಕಿ ತಾಲ್ಲೂಕಿನ ನಮ್ಮೂರಿನಿಂದ ಸೋದರಮಾವ ರಸ್ತೆ ಕೆಲಸದ ಜನರನ್ನು ಕರೆದುಕೊಂಡು ನಾಸಿಕದ ಕಡೆ ಹೊರಟಿದ್ದ. ಲಾರಿಯಲ್ಲಿ ಒಬ್ಬನಿಗೆ ಜಾಗವಿತ್ತು, ಹತ್ತಿ ಕೂತೆ. ಇಗತಪುರಿಯ ಮಳೆಯಲ್ಲಿ ನಾಲ್ಕು ವರ್ಷ ರಸ್ತೆಗೆ ಖಡಿಕಲ್ಲು ಹೊತ್ತ ಮೇಲೆ ನಾಸಿಕದ ಅಂಬಡ್‌ನ ಒಂದು ಕಾರ್ಖಾನೆಯಲ್ಲಿ ಕಬ್ಬಿಣದ ಚೂರು ಗುಡಿಸುವ ಕೆಲಸ ಸಿಕ್ಕಿತು. ಸ್ಕೂಟರಿನ ಗೇರ್‌ಬಾಕ್ಸಿಗೆ ಶಾಫ್ಟ್ ಮಾಡುವ ಕಾರ್ಖಾನೆ. ಗುಡಿಸುತ್ತ ನೋಡಿದೆ, ನೋಡುತ್ತ ಕಲಿತೆ, ಮಷೀನು ಬಿಚ್ಚಿ ಜೋಡಿಸುವ ಫಿಟ್ಟರ್ ಆದೆ. ಅಲ್ಲಿಂದ ಮುಂದೆ ಏನೇನು ಆದೆ ಎಂಬುದು ಕಂಪನಿಯ ಕಾಗದದಲ್ಲಿದೆ, ಇಲ್ಲಿ ಬೇಡ.

ಈಗ ನಾನಿರುವ ಸಂಭಾಜಿನಗರದ ಹತ್ತಿರ, ಬಿಡಕಿನ್ ಕಡೆ ಹೊಸ ಕಾರ್ಖಾನೆಗಳು ಏಳುತ್ತಿವೆ. ನಮ್ಮ ಬೀದರ, ಕಲಬುರಗಿ ಕಡೆಯ ಮಕ್ಕಳು ಐಟಿಐ ಮುಗಿಸಿ ಅಲ್ಲಿ ಸೇರುತ್ತಿದ್ದಾರೆ. ಭಾನುವಾರ ಮನೆಗೆ ಬಂದು, "ಕಾಕಾ, ಈ ಕೆಲಸದಾಗ ಮೊದಲ ಕಲೀಬೇಕಾದ್ದು ಏನ್ರಿ?" ಎನ್ನುತ್ತಾರೆ. "ರಜಾ ಹಾಕೋದು" ಎಂದರೆ ನಗುತ್ತಾರೆ.

ನಗಲಿ. ನಾನು ಇಪ್ಪತ್ತಾರು ವರ್ಷ ಬೇಸಿಗೆ ರಜೆ ಹಾಕದೆ ದುಡಿದವನು. ಮದುವೆಯಾದ ಮೇಲೆ ಪ್ರತಿ ಮೇ ತಿಂಗಳು ನನ್ನ ಹೆಂಡತಿ ಸುಗಲಾ ಭಾಲ್ಕಿ ಹತ್ತಿರದ ತನ್ನ ತವರಿಗೆ ಹೋಗುತ್ತಿದ್ದಳು, ಮೊದಲು ಒಬ್ಬಳೇ, ಆಮೇಲೆ ಮಗಳು ಸವಿತಾ, ಮಗ ಮಹೇಶನ ಜೊತೆ. ನಾನು ಬಸ್ ಸ್ಟ್ಯಾಂಡಿನ ತನಕ ಹೋಗಿ ಟ್ರಂಕು ಮೇಲೇರಿಸಿ, "ಬರೋ ವರ್ಷ ನಾನೂ ಬರ್ತೀನಿ" ಎಂದು ಹೇಳಿ ನೇರ ಕಾರ್ಖಾನೆಗೆ ಹೋಗುತ್ತಿದ್ದೆ.

ಯಾಕೆ ಎಂದು ಕೇಳಿದವರಿಗೆ ಒಂದೇ ಉತ್ತರ: ನಾನಿಲ್ಲದಿದ್ದರೆ ಮಷೀನು ನಿಲ್ಲುತ್ತದೆ. ಅದು ಸುಳ್ಳಲ್ಲ. ಆದರೆ ಅದರ ಹಿಂದೆ ಇನ್ನೊಂದು ಕಾರಣವಿತ್ತು, ಅದನ್ನು ಯಾರಿಗೂ ಹೇಳಿರಲಿಲ್ಲ. ರಜೆಗೆ ಹೋಗುವವನು ತನ್ನ ಕೆಲಸವನ್ನು ಬರೆದುಕೊಟ್ಟು ಹೋಗಬೇಕು. ನನಗೆ ಕನ್ನಡ ಓದುವುದು ಸಲೀಸು, ಬರೆಯುವುದು ನಿಧಾನ. ಮರಾಠಿ ಅಂಗಡಿ ಬೋರ್ಡು ನೋಡಿ ಕಲಿತದ್ದು. ಇಂಗ್ಲಿಷಿನಲ್ಲಿ ಅಂಕಿ ಗೊತ್ತು. ಮಷೀನಿನ ಪರದೆಯ ಮೇಲೆ ಬರುವ ಶಬ್ದಗಳನ್ನು ಜನರ ಮುಖ ಗುರುತಿಸುವ ಹಾಗೆ ಗುರುತಿಸುತ್ತಿದ್ದೆ, ಅಷ್ಟೇ. ಡಿಪ್ಲೊಮಾ ಮಾಡಿದವರ ಎದುರು ಪೆನ್ನು ಹಿಡಿದು ಕೂರುವುದಕ್ಕಿಂತ ರಜೆ ಬಿಟ್ಟುಬಿಡುವುದು ನನಗೆ ಹಗುರವಾಗಿತ್ತು.

ರಜೆ ಎಂಬುದನ್ನು ನಾನು ಕಲಿತದ್ದು ಪರದೇಶದವರಿಂದ, ಅದೂ ಅವರು ಸಿಗದೆ ಹೋದಾಗ. ನಮ್ಮ ಮಷೀನುಗಳೆಲ್ಲ ಹೊರಗಿನಿಂದ ಬಂದವು. ಕೆಟ್ಟರೆ ಅಲ್ಲಿಗೆ ಫೋನು ಮಾಡಬೇಕು. ಮೊದಲ ಸಲ ಹಾಗಾದದ್ದು ಅಂಬಡ್‌ನಲ್ಲಿ. ಶಾಫ್ಟು ಕಾಯಿಸುವ ಭಟ್ಟಿ ಸ್ವೀಡನ್ನಿನದು, ಅದು ಜುಲೈನಲ್ಲಿ ನಿಂತಿತು. ಮ್ಯಾನೇಜರ್ ಕುಲಕರ್ಣಿ ಸಾಹೇಬರು ಮೂರು ದಿನ ಫೋನು ತಿರುಗಿಸಿದರು. ಸೋಲಾಪುರದವರಾದ್ದರಿಂದ ನನ್ನ ಜೊತೆ ಕನ್ನಡದಲ್ಲೇ ಮಾತು.

"ಶರಣಪ್ಪಾ, ಗಂಟಿ ಹೊಡೀತದ, ಯಾರೂ ಎತ್ತಂಗಿಲ್ಲ. ಕಂಪನಿ ಮುಳುಗಿ ಹೋತೇನೋ?"

ನಾಲ್ಕನೆಯ ದಿನ ಒಬ್ಬ ಹೆಣ್ಣುಮಗಳು ಎತ್ತಿದಳು. ಸಾಹೇಬರು ಅರ್ಧ ನಿಮಿಷ ಕೇಳಿ ಫೋನು ಇಟ್ಟು, ಕನ್ನಡಕ ತೆಗೆದು ಒರೆಸಿಕೊಂಡರು.

"ಏನಂತ್ರಿ ಸಾಹೇಬ್ರ?"

"ಅವರ ದೇಶದಾಗ ಬ್ಯಾಸಿಗಿ ಬಂದದಂತ. ಅದಕ್ಕ ಎಲ್ಲಾರೂ ಹೋಗ್ಯಾರಂತ. ಆಗಸ್ಟಿಗೆ ಬರ್ತಾರಂತ."

ಸೆಪ್ಟೆಂಬರಿನಲ್ಲಿ ಆ ಭಟ್ಟಿಯ ಮನುಷ್ಯ ಬಂದ. ಆರಡಿ ಮೇಲೆ ಎತ್ತರ, ಮಾತು ಕಡಿಮೆ. ರಜೆಯ ಫೋಟೋ ತೋರಿಸಿದ. ಕೆರೆಯ ದಂಡೆಯಲ್ಲಿ ಕೆಂಪು ಬಣ್ಣದ ಸಣ್ಣ ಮರದ ಮನೆ. ಕರೆಂಟಿಲ್ಲ, ನಲ್ಲಿಯಿಲ್ಲ. ಒಂದು ತಿಂಗಳು ಅಲ್ಲಿದ್ದು ಕೊಡದಲ್ಲಿ ನೀರು ಹೊತ್ತು, ಕಟ್ಟಿಗೆ ಒಡೆದು, ಕಾಡಿನ ಹಣ್ಣು ಆರಿಸಿ ತಿನ್ನುತ್ತಾರಂತೆ. ಅಲ್ಲಿ ಆ ದಿನಗಳಲ್ಲಿ ರಾತ್ರಿ ಹತ್ತಾದರೂ ಬೆಳಕಿರುತ್ತದಂತೆ. ಮನೆಗೆ ಬಂದು ಇದನ್ನು ಸುಗಲಾಳಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಹಂಗಾದ್ರ ನಮ್ಮವ್ವ ಹುಟ್ಟಿದಾಗಿಂದ ರಜಾದಾಗೇ ಇದ್ದಾಳ ಅನ್ರಿ" ಎಂದಳು.

ಮೂರು ವರ್ಷದ ಮೇಲೆ ಜರ್ಮನಿಯಿಂದ ಒಬ್ಬ ಗೇರಿಗೆ ಹಲ್ಲು ಕೊರೆಯುವ ಮಷೀನು ಕೂರಿಸಲು ಬಂದ. ಕೆಲಸ ಅರ್ಧವಾಗಿರುವಾಗಲೇ ಅವನ ರಜೆಯ ದಿನ ಬಂತು, ಹೊರಟ. ಅವರಲ್ಲಿ ಒಂದೊಂದು ಪ್ರಾಂತಕ್ಕೂ ಶಾಲೆಯ ರಜೆ ಬೇರೆ ಬೇರೆ ವಾರಕ್ಕಂತೆ, ಎಲ್ಲರೂ ಒಮ್ಮೆಲೇ ಕಾರು ಹತ್ತಿದರೆ ರಸ್ತೆ ಸಾಲುವುದಿಲ್ಲ ಎಂದು. ಅವನ ಹೆಂಡತಿ ಮಕ್ಕಳು ಗುಡಾರ ಕಟ್ಟಿಕೊಂಡು ಕಾಯುತ್ತಿದ್ದರು. ನಾನು ಒಳಗೊಳಗೇ ನಕ್ಕೆ: ಬಿಚ್ಚಿದ ಮಷೀನು ಬಿಟ್ಟು ಹೋಗುವವನೂ ಒಬ್ಬ ಕೆಲಸಗಾರನೇ? ಮರುವಾರ ಅವನ ಬದಲಿಗೆ ಇನ್ನೊಬ್ಬ ಬಂದ. ಬಂದವನು ಮೂರು ಹಾಳೆ ತೆಗೆದು ಓದಿ, ನಿಂತಲ್ಲಿಂದಲೇ ಕೆಲಸ ಹಿಡಿದ. ಯಾವ ಬೋಲ್ಟು ಸಡಿಲ ಬಿಟ್ಟಿದೆ, ಬೋಲ್ಟು ತಿರುಗಿಸುವ ಯಾವ ಪಾನಾ ನನ್ನ ಪೆಟ್ಟಿಗೆಯಿಂದ ತೆಗೆದುಕೊಂಡದ್ದು, ಶರಣಪ್ಪ ಸಕ್ಕರೆಯಿಲ್ಲದ ಚಹಾ ಕುಡಿಯುತ್ತಾನೆ, ಎಲ್ಲವೂ ಆ ಹಾಳೆಯಲ್ಲಿತ್ತು. ನನ್ನ ನಗೆ ನಿಂತಿತು. ಆದರೂ ಬುದ್ಧಿ ಬರಲಿಲ್ಲ.

ಜಪಾನಿನವರದು ಇನ್ನೊಂದು ರೀತಿ. ಅಲ್ಲಿಂದ ಬಂದಿದ್ದವನು ಆಗಸ್ಟ್ ನಡುವೆ ಐದೇ ದಿನ ರಜೆ ಕೇಳಿದ, ಅದೂ ಪ್ರತಿಯೊಬ್ಬರ ಎದುರು ಬಗ್ಗಿ ಕ್ಷಮೆ ಕೇಳಿ. ಬೇಸಿಗೆಯ ಆ ದಿನಗಳಲ್ಲಿ ಸತ್ತ ಹಿರಿಯರು ಮನೆಗೆ ಬರುತ್ತಾರಂತೆ. ಪಟ್ಟಣದಲ್ಲಿದ್ದವರೆಲ್ಲ ಹುಟ್ಟೂರಿಗೆ ಹೋಗಿ ಗೋರಿ ತೊಳೆದು, ದೀಪ ಹಚ್ಚಿ, ಸಂಜೆ ಎಲ್ಲರೂ ಸುತ್ತು ಕಟ್ಟಿ ಕುಣಿಯುತ್ತಾರಂತೆ. ನಮ್ಮಲ್ಲಿ ಹಿರಿಯರಿಗೆ ಎಡೆ ಇಡುತ್ತೇವೆ, ಕುಣಿಯುವುದಿಲ್ಲ. ತಿರುಗಿ ಬರುವಾಗ ಇಡೀ ವರ್ಕ್‌ಶಾಪಿನವರಿಗೆ ಒಂದೊಂದು ಮಿಠಾಯಿ ತಂದಿದ್ದ, ಕಾಗದ ಸುತ್ತಿದ್ದು.

ಇಷ್ಟು ಕಲಿತ ಮೇಲೆ ನಾನು ಈ ವಿಷಯದಲ್ಲಿ ಪಂಡಿತನಾದೆ. ಜೂನ್ ಬಂದರೆ ಸಾಕು, ಕುಲಕರ್ಣಿ ಸಾಹೇಬರು ಕರೆದು, "ಶರಣಪ್ಪಾ, ಯಾವ ದೇಶ ಯಾವಾಗ ಬಂದ್?" ಎನ್ನುತ್ತಿದ್ದರು. ನಾನು ಬೆರಳು ಮಡಚಿ ಹೇಳುತ್ತಿದ್ದೆ. ಆ ಗರ್ವಕ್ಕೆ ಏಟು ಬಿದ್ದದ್ದು ಬ್ರೆಜಿಲ್‌ನಿಂದ. ಅಲ್ಲಿಂದ ಒಂದು ಪಂಪು ತರಿಸಬೇಕಿತ್ತು. "ಡಿಸೆಂಬರಿನಾಗ ಕೇಳ್ರಿ ಸಾಹೇಬ್ರ. ಚಳಿಗಾಲ, ಎಲ್ಲಾರೂ ಕೆಲಸದ ಮ್ಯಾಲೇ ಇರ್ತಾರ" ಎಂದೆ. ಕೇಳಿದರು. ಫೋನು ಎತ್ತುವವರಿಲ್ಲ. ಭೂಮಿಯ ಆ ಮಗ್ಗುಲಲ್ಲಿ ಡಿಸೆಂಬರಿಗೇ ಬೇಸಿಗೆ, ಕ್ರಿಸ್ಮಸ್ಸಿಗೆ ಜನ ಚಡ್ಡಿ ಹಾಕಿಕೊಂಡು ಸಮುದ್ರದ ಮರಳಿನಲ್ಲಿ ಮಾಂಸ ಸುಟ್ಟುಕೊಂಡು ಕೂತಿರುತ್ತಾರೆ ಎಂದು ನಮಗೆ ಗೊತ್ತಾದಾಗ ಮಷೀನುಗಳ ಒಂದು ಲೈನು ಎಂಟು ದಿನದಿಂದ ನಿಂತಿತ್ತು.

"ಸಾಹೇಬ್ರ, ನಾ ಎಂಟನೇತ್ತಾದಾಗ ಸಾಲಿ ಬಿಟ್ಟಾಂವ. ಈ ಪಾಠ ಮುಂದ ಇತ್ತು ಕಾಣ್ತದ" ಎಂದೆ.

"ನಾ ಇಂಜಿನಿಯರಿಂಗ್ ಮುಗಿಸೀನಿ" ಎಂದರು ಸಾಹೇಬರು. "ನನಗೂ ಹೊಳೀಲಿಲ್ಲಲ್ಲ. ಚಹಾ ತರಿಸು." ಅಷ್ಟು ವರ್ಷದಲ್ಲಿ ಅವರು ನನ್ನನ್ನು ಬೈದದ್ದಕ್ಕಿಂತ ನಾವಿಬ್ಬರೂ ಕೂಡಿ ದಡ್ಡರಾದದ್ದು ಹೆಚ್ಚು. ಅಂಥ ಸಾಹೇಬರು ಸಿಕ್ಕರೆ ಬಿಡಬೇಡಿ.

೨೦೦೧ರಲ್ಲಿ ಕಂಪನಿ ಸಂಭಾಜಿನಗರದ ಹತ್ತಿರ ಇನ್ನೊಂದು ಕಾರ್ಖಾನೆ ತೆರೆಯಿತು. ಊರಿಗೆ ಆಗ ಔರಂಗಾಬಾದ್ ಎಂದೇ ಹೆಸರು. ಸಾಹೇಬರು ಬಂದರು, ನನ್ನನ್ನೂ ಕರೆತಂದರು. ಮೂರು ವರ್ಷದ ಮೇಲೆ ಇಟಲಿಯಿಂದ ಗ್ರೈಂಡಿಂಗ್ ಮಷೀನು ಬಂತು. ಶಾಫ್ಟನ್ನು ಕೊನೆಯ ಅಳತೆಗೆ ಸವೆಸುವ ಮಷೀನು, ಕೂದಲಿನ ಹತ್ತರಲ್ಲಿ ಒಂದು ಪಾಲು ಹೆಚ್ಚುಕಮ್ಮಿಯಾದರೂ ಮಾಲು ರಿಜೆಕ್ಟ್. ಅದನ್ನು ಕೂರಿಸಲು ಬಂದವನು ಬ್ರೂನೋ. ಕೈಯಿಂದ ಅರ್ಧ, ಬಾಯಿಂದ ಅರ್ಧ ಮಾತಾಡುವವನು. ಆಗಸ್ಟ್ ಹದಿನೈದು ನಮಗೆ ಝೆಂಡಾ ಏರಿಸುವ ದಿನ. ಅವರಿಗೆ ಅದು ದೊಡ್ಡ ಹಬ್ಬ. ಅದರ ಆಚೆ ಈಚೆ ಮೂರು ವಾರ ಕಾರ್ಖಾನೆ, ಅಂಗಡಿ, ಕ್ಷೌರದವನು, ಎಲ್ಲ ಬಂದ್. ಊರಿಗೆ ಊರೇ ಸಮುದ್ರಕ್ಕೆ ಹೋಗುತ್ತದೆ. ವರ್ಷವೂ ಅದೇ ದಂಡೆ, ಅದೇ ಛತ್ರಿ, ಪಕ್ಕದ ಛತ್ರಿಯಲ್ಲಿ ಅದೇ ಮನೆಯವರು.

"ನೀನು ಎಲ್ಲಿಗೆ ಹೋಗುತ್ತೀ?" ಎಂದು ಬ್ರೂನೋ ಕೇಳಿದ.

ಎದೆ ಮುಂದೆ ಮಾಡಿ ಹೇಳಿದೆ, ಎಲ್ಲಿಗೂ ಇಲ್ಲ, ಇಷ್ಟು ವರ್ಷದಲ್ಲಿ ಒಮ್ಮೆಯೂ ಇಲ್ಲ ಎಂದು. ಶಹಭಾಸ್ ಎನ್ನುತ್ತಾನೆ ಎಂದುಕೊಂಡಿದ್ದೆ. ಅವನು ನನ್ನ ಭುಜದ ಮೇಲೆ ಕೈಯಿಟ್ಟು, ಮನೆಯಲ್ಲಿ ಯಾರಿಗೋ ಹುಷಾರಿಲ್ಲದವನನ್ನು ಕೇಳುವ ಹಾಗೆ ಕೇಳಿದ: "ಮಕ್ಕಳಿಲ್ಲವೇ?"

ಆ ಮಷೀನಿಗೆ ಮೊದಲ ಮೇ ತಿಂಗಳಲ್ಲೇ ಒಂದು ರೋಗ ಕಾಣಿಸಿತು. ಮಧ್ಯಾಹ್ನ ಮೂರರ ಹೊತ್ತಿಗೆ ಅಳತೆ ಜಾರುವುದು, ಸಂಜೆ ತಾನೇ ಸರಿಯಾಗುವುದು. ಇಟಲಿಗೆ ಕೇಳಿದರೆ, ನಮ್ಮಲ್ಲಿ ಹೀಗೆ ಎಂದೂ ಆಗಿಲ್ಲ ಎಂದರು. ಹೇಗೆ ಆದೀತು? ಕಡು ಬಿಸಿಲಿನ ವಾರಗಳಲ್ಲಿ ಅವರು ಮಷೀನನ್ನೇ ನಡೆಸುವುದಿಲ್ಲ! ನಾನು ಮೂರು ದಿನ ಅದರ ಪಕ್ಕ ನಿಂತು ನೋಡಿದೆ. ಪಡುವಣ ಬಾಗಿಲಿನಿಂದ ಬಿಸಿಲಿನ ತುಂಡೊಂದು ನೆಲದ ಮೇಲೆ ಹರಿದು ಬಂದು ಮಷೀನಿನ ಒಂದು ಮಗ್ಗುಲಿಗೆ ಬೀಳುತ್ತಿತ್ತು. ಒಂದೇ ಮಗ್ಗುಲು ಕಾದರೆ ಕಬ್ಬಿಣ ಬಾಗುತ್ತದೆ. ಮರುದಿನ ಊಟದ ಭೋಂಗಾ ಕೂಗಿದ ಕೂಡಲೇ ಕೊಕ್ಕೆ ಹಾಕಿ ಆ ಬಾಗಿಲಿನ ಶಟರನ್ನು ಸೊಂಟದ ತನಕ ಎಳೆದೆ. ಅಳತೆ ಜಾರಲಿಲ್ಲ.

ಏನು ಮಾಡಿದೆ ಎಂದು ಎಲ್ಲರೂ ಕೇಳಿದರು. "ಕೈಗುಣ" ಎಂದೆ. ಯಾರಿಗೂ ಹೇಳಲಿಲ್ಲ. ಆಮೇಲೆ ಐದು ವರ್ಷದಲ್ಲಿ ಅದು ಗುಟ್ಟಾಗಿಯೂ ಉಳಿಯಲಿಲ್ಲ. ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟು ರೂಢಿಯಾಯಿತು.

೨೦೦೯ರಲ್ಲಿ ಸವಿತಾಳ ಹತ್ತನೆಯ ಪರೀಕ್ಷೆ ಮುಗಿಯಿತು. ಏಪ್ರಿಲ್‌ನಲ್ಲಿ ಒಂದು ದಿನ ಊಟಕ್ಕೆ ಬಡಿಸುತ್ತ ಸುಗಲಾ ಹೇಳಿದಳು, "ಈ ವರ್ಷ ಆದ್ಮ್ಯಾಲ ಸವಿತಾ ಕಾಲೇಜು, ಕ್ಲಾಸು ಅಂತ ಹೊಂಟಬಿಡ್ತಾಳ. ನಾಲ್ಕೂ ಮಂದಿ ಕೂಡಿ ಹೋಗೋದು ಇದೇ ಕಡೀದು. ಈ ಸಲ ನೀವು ಬರಲಿಲ್ಲಂದ್ರ ನಾ ಇನ್ನ ಕೇಳಂಗಿಲ್ಲ."

ಸಿಟ್ಟಿನಿಂದ ಹೇಳಿದ್ದರೆ ನಾನೂ ಸಿಟ್ಟು ಮಾಡುತ್ತಿದ್ದೆ. ಅವಳು ಸಾರು ಹಾಕುತ್ತ ಹೇಳಿದಳು.

ಮರುದಿನ ಕುಲಕರ್ಣಿ ಸಾಹೇಬರ ಎದುರು ನಿಂತು ಹತ್ತು ದಿನ ರಜೆ ಕೇಳಿದೆ. ಅವರು ತಲೆಯೆತ್ತಿ, "ಆರಾಮ ಇದ್ದೀಯಿಲ್ಲ?" ಎಂದರು. ಆಮೇಲೆ ಸೋನವಣೆಯನ್ನು ಕರೆದರು. ಸೋನವಣೆ ಡಿಪ್ಲೊಮಾ ಓದಿದವನು, ನನ್ನ ಕೈಕೆಳಗೆ ಆರು ವರ್ಷವಾಗಿತ್ತು, ಎರಡು ಮಕ್ಕಳ ತಂದೆ. ನನ್ನನ್ನು ಮಾಮಾ ಎನ್ನುತ್ತಿದ್ದ. "ಶರಣಪ್ಪ ತನ್ನ ಕೆಲಸ ಬರೆದುಕೊಡುತ್ತಾನೆ" ಎಂದು ಸಾಹೇಬರು ಹೇಳಿದರು. ಹೊರಗೆ ಬಂದು ಸೋನವಣೆಗೆ ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ: ನನಗೆ ಬರೆಯಲು ಬರುವುದಿಲ್ಲ, ಕನ್ನಡ ಬಿಟ್ಟು, ಅದೂ ಚೆನ್ನಾಗಿ ಅಲ್ಲ.

ಅವನು ಮರಾಠಿಯಲ್ಲಿ, "ಅದು ನನಗೆ ಮೊದಲ ತಿಂಗಳೇ ಗೊತ್ತಾಗಿತ್ತು, ಮಾಮಾ. ನೀವು ಬಾಯಲ್ಲಿ ಹೇಳಿ, ನಾನು ಬರೆದುಕೊಳ್ಳುತ್ತೇನೆ" ಎಂದ. ಇಪ್ಪತ್ತಾರು ವರ್ಷ ಮುಚ್ಚಿಟ್ಟದ್ದು ಚಹಾ ಕುಡಿಯುವಷ್ಟರಲ್ಲಿ ಮುಗಿಯಿತು. ಎಣ್ಣೆ, ಬೆಲ್ಟು, ಸಾಣೆಕಲ್ಲು ಬದಲಿಸುವುದು, ಯಾವ ಸದ್ದಿಗೆ ಏನು ಮಾಡಬೇಕು, ಎಲ್ಲವನ್ನೂ ಹೇಳಿದೆ. ಹನ್ನೊಂದು ಹಾಳೆಯಾಯಿತು. ಶಟರಿನ ಮಾತು ಬರಲಿಲ್ಲ. ನೆನಪಾಗಲಿಲ್ಲ ಎಂದೇ ಇಂದಿಗೂ ಹೇಳುತ್ತೇನೆ. ಶಟರು ಮಷೀನಿನ ಭಾಗವಲ್ಲವಲ್ಲ.

ಅತ್ತೆಯ ಮನೆಯಲ್ಲಿ ಮೊದಲೆರಡು ದಿನ ನನಗೆ ಏನು ಮಾಡಬೇಕೆಂದೇ ತಿಳಿಯಲಿಲ್ಲ. ಬೆಳಿಗ್ಗೆ ಆರಕ್ಕೆ ಎದ್ದು ಸ್ನಾನ ಮಾಡಿ, ಇಸ್ತ್ರಿಯ ಅಂಗಿ ಹಾಕಿ ಕಟ್ಟೆಯ ಮೇಲೆ ಕೂರುತ್ತಿದ್ದೆ. ಅತ್ತೆ ನೋಡಿ, "ಅಳಿಯಾರ್ದು ಇವತ್ತ ಕೋರ್ಟಿನ ತಾರೀಖದ ಏನವ್ವ?" ಎಂದರು ಮಗಳಿಗೆ. ಇದ್ದ ಗಡಿಯಾರಕ್ಕೆ ಚಾವಿ ಕೊಟ್ಟೆ, ಕಿರುಗುಡುವ ಎಲ್ಲ ಬಾಗಿಲಿಗೆ ಎಣ್ಣೆ ಬಿಟ್ಟೆ. ಮೂರನೆಯ ದಿನ ಮಾಡಲು ಏನೂ ಉಳಿಯದೆ ಸುಮ್ಮನೆ ಕೂತೆ. ಆಗ ಕೇಳಿಸಿತು.

ಹಿತ್ತಲಲ್ಲಿ ಮಹೇಶ ತನ್ನ ಮಾವನ ಮಗನ ಜೊತೆ ಮಾವಿನಕಾಯಿಗೆ ಜಗಳಾಡುತ್ತಿದ್ದ. "ಏ, ಅದು ನಂದದ! ನಾ ಮೊದ್ಲ ಕಲ್ಲ ಒಗದೀನಿ, ನಿಮ್ಮಪ್ಪನ್ನ ಕೇಳ!" ಅಚ್ಚ ಭಾಲ್ಕಿಯ ಮಾತು. ನಮ್ಮ ಮನೆಯಲ್ಲಿ ನಾನು ಕನ್ನಡದಲ್ಲಿ ಕೇಳಿದರೆ ಮರಾಠಿಯಲ್ಲಿ ಉತ್ತರ ಕೊಡುವ ಮಗ. ಅವನಿಗೆ ಕನ್ನಡ ಬಾಯಿಗೆ ಬರುವುದಿಲ್ಲ ಎಂದು ನಾನು ನಾಲ್ಕು ಜನರ ಮುಂದೆ ಹೇಳಿಕೊಂಡು ತಿರುಗಿದ್ದೆ. "ಇಂವ ಯಾವಾಗ ಕಲ್ತ?" ಎಂದು ಸುಗಲಾಳನ್ನು ಕೇಳಿದೆ.

"ವರ್ಷಾ ಬ್ಯಾಸಿಗ್ಯಾಗ ಕಲೀತಾನ, ಮಳಿಗಾಲಕ್ಕ ಮರೀತಾನ" ಎಂದಳು. "ನೀವು ಎಲ್ಲಿ ಕೇಳೀರಿ?"

ಸಂಜೆ ಸವಿತಾ ಮಾಳಿಗೆಯ ಮೇಲೆ ನೀರು ಚಿಮುಕಿಸಿ ಹಾಸಿಗೆ ಹಾಸುವಾಗ ನಾನೂ ಒಂದು ತುದಿ ಹಿಡಿದೆ. ಪರದೇಶದವರ ರಜೆಗಳನ್ನೆಲ್ಲ ಅವಳಿಗೆ ಹೇಳಿದೆ. ಕೆರೆಯ ಮನೆ, ಗುಡಾರ, ಹಿರಿಯರ ದೀಪ, ಛತ್ರಿ. ಅವಳು, "ಮತ್ತ ನಮ್ದು ಯಾವ್ದಪ್ಪಾ?" ಎಂದಳು. "ಇದೇ ಕಾಣ್ತದ" ಎಂದೆ.

ಐದನೆಯ ದಿನ ಹನ್ನೊಂದರ ಹೊತ್ತಿಗೆ ಸೋನವಣೆಯ ಫೋನು ಬಂತು. ನಾಲ್ಕು ದಿನದಿಂದ ಮಧ್ಯಾಹ್ನ ಅಳತೆ ಜಾರುತ್ತಿದೆ, ಹಾಳೆಯಲ್ಲಿದ್ದದ್ದೆಲ್ಲ ಮಾಡಿ ನೋಡಿದೆವು, ಮಾಲು ರಿಜೆಕ್ಟ್ ಆಗುತ್ತಿದೆ ಎಂದ. ಬನ್ನಿ ಎನ್ನಲಿಲ್ಲ. ಅವನ ದನಿಯೇ ಹೇಳಿತು. ಕಾರಣ ಏನೆಂದು ನನಗೆ ಹೊಳೆಯಲಿಲ್ಲ. ನನ್ನ ಕೈಗೆ ಗೊತ್ತಿದ್ದದ್ದು ತಲೆಗೆ ಗೊತ್ತಿರಲಿಲ್ಲ. ಹೋಗಿ ನಿಂತರೆ ತಿಳಿದೀತು ಎಂದು ಚೀಲ ತುಂಬಿದೆ. ಒಪ್ಪಿಕೊಳ್ಳಬೇಕು, ತುಂಬುವಾಗ ಮನಸ್ಸಿನ ಒಂದು ಮೂಲೆಯಲ್ಲಿ ಹಿಗ್ಗು ಇತ್ತು. ನೋಡಿ, ನಾನಿಲ್ಲದೆ ನಡೆಯುವುದಿಲ್ಲ ಎಂಬ ಹಿಗ್ಗು.

ಸುಗಲಾ ಎರಡು ರೊಟ್ಟಿ, ಶೇಂಗಾ ಹಿಂಡಿ ಅರಿವೆಯಲ್ಲಿ ಕಟ್ಟಿಕೊಟ್ಟಳು. ಬೇಡಬೇಡ ಎಂದು ಕೈ ಹಿಡಿದಿದ್ದರೆ ಹೋಗುವುದು ಸುಲಭವಿತ್ತು. ಸವಿತಾ ಮಾತ್ರ ಬಾಗಿಲ ತನಕ ಬಂದು, "ನಾಳಿಗಿ ಹೋಗ್ರಿ ಅಪ್ಪಾ" ಎಂದಳು, ಕನ್ನಡದಲ್ಲಿ.

ಭಾಲ್ಕಿ ಸ್ಟ್ಯಾಂಡಿನಲ್ಲಿ ವಾಪಸು ದಾರಿಯ ಉದಗೀರ ಬಸ್ಸಿಗೆ ಮೂರು ತಾಸು ಕಾಯಬೇಕಾಯಿತು. ಒಂದು ಬಂದದ್ದು ತುಂಬಿ ಹೋಯಿತು, ಇನ್ನೊಂದು ಬರಲೇ ಇಲ್ಲ. ಮೂರನೆಯದಕ್ಕೆ ಕಂಡಕ್ಟರು ಕೂಗಿದ. ಮೆಟ್ಟಿಲ ಮೇಲೆ ಕಾಲಿಟ್ಟಾಗ ಫೋನು ಬಂತು.

"ಮಾಮಾ, ಟೆನ್ಶನ್ ಘೆವು ನಕಾ" ಎಂದ ಸೋನವಣೆ. "ಸಿಕ್ಕಿತು. ಚಿಂತೆ ಬೇಡ, ಇವತ್ತು ಅಳತೆ ಜಾರಲಿಲ್ಲ. ಬರಬೇಡಿ."

"ಏನು ಸಿಕ್ಕಿತು?"

"ನನಗಲ್ಲ, ನಾಗಮ್ಮನಿಗೆ. ಅವಳ ಕೈಗೇ ಕೊಡುತ್ತೇನೆ, ಕೇಳಿ."

ನಾಗಮ್ಮ ಸೇಡಂ ಕಡೆಯವಳು, ನಮ್ಮ ಶಾಪಿನ ಕಸ ಗುಡಿಸುವವಳು. ಅವಳ ಗಂಡ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದ. ಫೋನನ್ನು ಬಾಯಿಯ ಹತ್ತಿರ ಹಿಡಿದು ಕೂಗಿದಳು.

"ಯಣ್ಣಾ, ಶರಣು. ನಾ ಏನೂ ಮಾಡಿಲ್ರಿ. ಇವ್ರು ಮಷೀನಿನ ಸುತ್ತ ನಿಂತು ತಲಿ ಕೆರಕೊಳ್ಳತ್ತಿದ್ರು. ನಾನೇ ಕೇಳ್ದೆ, ನಾಕ ದಿನ ಆತು, ಯಾರೂ ಶಟರ್ ಎಳೀವಲ್ರಿ, ನಾ ಎಲ್ಲಿ ಕುಂತು ರೊಟ್ಟಿ ತಿನ್ಲಿ ಅಂತ. ನೀವು ದಿನಾ ಊಟದ ಭೋಂಗಾಕ್ಕ ಎಳೀತಿದ್ರಲ್ಲ, ಅಲ್ಲೇ ನೆಳ್ಳಿಗಿ ನಾ ಕುಂದರ್ತಿದ್ದೆ. ನನ್ನ ಸಲುವಾಗೇ ಎಳೀತಾನ ಅಣ್ಣ ಅಂತ ತಿಳ್ದಿದ್ದೆ ನಾ."

ನನ್ನ ಕಾಲು ಇನ್ನೂ ಮೆಟ್ಟಿಲ ಮೇಲೇ ಇತ್ತು. ಕಂಡಕ್ಟರು, "ಏ ಕಾಕಾ, ಒಳಗ ಬರ್ರಿ, ಇಲ್ಲಾ ಇಳೀರಿ" ಎಂದ. ಇಳಿದೆ.

ಬಸ್ಸು ಹೋದ ಮೇಲೆ ಅಲ್ಲೇ ಕಟ್ಟೆಯ ಮೇಲೆ ಕೂತೆ. ಮೊದಲು ಚುಚ್ಚಿತು, ಅದನ್ನು ಮುಚ್ಚಿಡುವುದಿಲ್ಲ. ನನ್ನ ಕೈಗುಣ ಎಂಬುದು ಒಂದು ಶಟರು, ಅದನ್ನು ಹೇಳಿದವಳು ಕಸಬರಿಗೆ ಹಿಡಿದವಳು, ಒಮ್ಮೆ ನಾನೂ ಹಿಡಿದಿದ್ದ ಕಸಬರಿಗೆ. ಆಮೇಲೆ ಮೆಲ್ಲಗೆ ಬೆನ್ನಿನಿಂದ ಏನೋ ಇಳಿದ ಹಾಗಾಯಿತು. ಇಪ್ಪತ್ತಾರು ವರ್ಷ ಒಂದು ಕಾರ್ಖಾನೆಯನ್ನು ನಾನೇ ಹೊತ್ತು ನಿಂತಿದ್ದೇನೆ ಎಂದುಕೊಂಡಿದ್ದೆ. ಅದು ನೆಲದ ಮೇಲೇ ನಿಂತಿತ್ತು. ಅರಿವೆ ಬಿಚ್ಚಿ ಎರಡೂ ರೊಟ್ಟಿ ಅಲ್ಲೇ ತಿಂದೆ.

ಮನೆ ಮುಟ್ಟಿದಾಗ ಸುಗಲಾ ಅಂಗಳದಲ್ಲಿ ಶಂಡಿಗೆ ತಿರುವಿ ಹಾಕುತ್ತಿದ್ದಳು.

"ಬಸ್ಸ ಸಿಗಲಿಲ್ಲೇನ್ರಿ?"

"ಮಷೀನ ನಡೀಲತ್ತದಂತ."

"ನೀವಿಲ್ದೆ?"

"ನಾನಿಲ್ದೆ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು, ನಗೆ ಮುಚ್ಚಲೋ ಏನೋ. "ಛಲೋ ಆತು. ಆ ಕಡೀಗಿನ ಸಾಲು ನೀವು ತಿರುವ್ರಿ, ನನಗ ಸೊಂಟ ನೋಯ್ತದ."

ಉಳಿದ ಐದು ದಿನ ನಾನು ಫೋನು ನೋಡಲಿಲ್ಲ ಎಂದರೆ ಸುಳ್ಳಾಗುತ್ತದೆ. ನೋಡುತ್ತಿದ್ದೆ. ಅದು ಬರಲಿಲ್ಲ.

ಮರಳಿದ ಮೇಲೆ ಪದ್ಧತಿ ಬದಲಾಯಿತು. ರಜೆಗೆ ಹೋಗುವವನು ತನ್ನ ಕೆಲಸ ತಾನೇ ಬರೆಯಬೇಕಿಲ್ಲ ಎಂದೆ ಸಾಹೇಬರಿಗೆ. ತಾನು ಏನು ಮಾಡುತ್ತೇನೆ ಎಂಬುದು ಮಾಡುವವನಿಗೇ ಗೊತ್ತಿರುವುದಿಲ್ಲ. ಮೂರು ದಿನ ಇನ್ನೊಬ್ಬ ಅವನ ಹಿಂದೆ ತಿರುಗಿ, ಚೀಲ ಎಲ್ಲಿ ತೂಗುಹಾಕುತ್ತಾನೆ ಎಂಬುದನ್ನೂ ಬರೆದುಕೊಳ್ಳಲಿ, ಸುತ್ತ ಇರುವವರನ್ನೂ ಕೇಳಲಿ. ಸಾಹೇಬರು ಒಪ್ಪಿದರು. ಶಟರಿನ ವಿಷಯವನ್ನು ಇಟಲಿಗೂ ಬರೆಸಿದೆ. ಸೆಪ್ಟೆಂಬರಿನಲ್ಲಿ ಬ್ರೂನೋ ಉತ್ತರ ಕೊಟ್ಟ: ನಮ್ಮ ಮಷೀನು ಬೇಸಿಗೆಯಲ್ಲಿ ದುಡಿದದ್ದನ್ನು ನಾವು ನೋಡಿಯೇ ಇಲ್ಲ, ನೀನು ಹೇಳಿದ್ದು ಒಳ್ಳೆಯದಾಯಿತು. ಮಷೀನಿನ ಆ ಮಗ್ಗುಲಿಗೆ ಒಂದು ತಗಡಿನ ಮರೆ ಮಾಡಿ ಕಳಿಸಿದರು. ಶಟರನ್ನು ಮಾತ್ರ ನಾಗಮ್ಮನ ಊಟಕ್ಕಾಗಿ ಎಳೆಯುವುದು ನಡೆದೇ ಇತ್ತು, ಅವಳು ಗಂಡನ ಜೊತೆ ಸೇಡಂಗೆ ಮರಳುವ ತನಕ.

ಬಿಡಕಿನ್‌ಗೆ ಸೇರುವ ಮಕ್ಕಳೇ, ಕೆಲಸದಲ್ಲಿ ಗುಟ್ಟು ಇಟ್ಟುಕೊಳ್ಳಬೇಡಿ. ಬರೆಯಲು ಬರದಿದ್ದರೆ ಬರುವುದಿಲ್ಲ ಎನ್ನಿ, ಯಾರೂ ಸಾಯುವುದಿಲ್ಲ. ನಿಮ್ಮ ರಜೆ ನೀವು ಹೇಗೆ ಬೇಕಾದರೂ ಕಳೆಯಿರಿ, ಹಾಕುವುದನ್ನು ಮಾತ್ರ ಮರೆಯಬೇಡಿ.

ನಾನು ೨೦೨೨ರಲ್ಲಿ ನಿವೃತ್ತನಾದೆ. ಈಗ ನನ್ನ ಹತ್ತಿರ ಇರುವುದು: ಎರಡು ಕೋಣೆಯ ಒಂದು ಮನೆ. ಒಬ್ಬಳು ಹೆಂಡತಿ, ಇಬ್ಬರು ಮಕ್ಕಳು, ಮೂರು ಮೊಮ್ಮಕ್ಕಳು. ಎರಡು ಕೈಯಲ್ಲಿ ಹತ್ತು ಬೆರಳು, ನಲವತ್ತು ವರ್ಷ ಮಷೀನಿನ ನಡುವೆ ಇದ್ದವನಿಗೆ ಅದು ಸಣ್ಣ ಮಾತಲ್ಲ. ನೌಕರಿಯಲ್ಲಿದ್ದಾಗ ಹಾಕಿದ ಬೇಸಿಗೆ ರಜೆ ಹದಿಮೂರು. ಹದಿನಾಲ್ಕಾಗಬೇಕಿತ್ತು, ಒಂದನ್ನು ಲಾಕ್‌ಡೌನ್ ತಿಂದಿತು.